ಗೇಣು ಎರಡು ಬೆರಳು

ಗೇಣಪ್ಪ ಅನ್ನುವುದು ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರಲ್ಲ, ಗ್ಯಾರೇಜಿನ ಸಾಲಿನವರು ಇಟ್ಟದ್ದು. ಬೆರಳು ಅಗಲಿಸಿ ಕೈ ಚಾಚಿದರೆ ಅವನ ಗೇಣು ಸರಿಯಾಗಿ ಒಂಬತ್ತು ಇಂಚು. ಅದರ ಪಕ್ಕ ಒಂದು ಬೆರಳು ಹಿಡಿಸಿದರೆ ಹತ್ತು ಇಂಚಿನ ಕ್ಲಚ್ ಪ್ಲೇಟು, ಎರಡು ಬೆರಳು ಹಿಡಿಸಿದರೆ ಹನ್ನೊಂದರದು. ನಲವತ್ತು ವರ್ಷಗಳಿಂದ ಹಳೆಯ ಕಾರುಗಳ ಅಡಿಯಲ್ಲಿ ಮಲಗಿ ಬಂದವನು ಒಂದು ದಿನವೂ ಸ್ಕೇಲು ಮುಟ್ಟಿರಲಿಲ್ಲ. ಅವನೆದುರು ಯಾರಾದರೂ ಸ್ಕೇಲು ತೆಗೆದರೆ ಮೈಯೆಲ್ಲ ಉರಿಯುತ್ತಿತ್ತು. ಅವನ ಮೈ ಉರಿಯಲು ಸ್ಕೇಲೇ ಬೇಕೆಂದೇನೂ ಇರಲಿಲ್ಲ, ಗಿರಾಕಿ ಕಾರಿನ ಬಾಗಿಲನ್ನು ಜೋರಾಗಿ ಹಾಕಿದರೂ ಸಾಕಿತ್ತು.

ಆ ವಾರ ಅವನ ಸಿಟ್ಟೆಲ್ಲ ಅಕ್ಕನ ಮಗನ ಮೇಲಿತ್ತು. ಅಕ್ಕ ಹೆರಿಗೆ ನರ್ಸ್ ಆಗಿದ್ದವಳು. ಸ್ವಂತ ಸಂಬಳದಲ್ಲಿ ಕೊಂಡ ದುಂಡು ಮೂತಿಯ ಹಸಿರು ಕಾರಿನಲ್ಲಿ ಹೊತ್ತುಗೊತ್ತು ನೋಡದೆ ಮನೆಮನೆಗೆ ಓಡಾಡಿದವಳು. ಈಗ ಕ್ಲಚ್ ಜಾರಿ ಕಾರು ಏರಿನಲ್ಲಿ ನಿಂತದ್ದೇ ಮಗನಿಗೆ ನೆಪವಾಯಿತು. ಎಲ್ಲಿಂದಲೋ ಒಬ್ಬ ಕೊಳ್ಳುವವನನ್ನು ಹಿಡಿದು ತಂದ.

"ಭಾನುವಾರದೊಳಗೆ ಅಮ್ಮ ಓಡಿಸಿ ತೋರಿಸಿದ್ರೆ ಇಟ್ಕೊಳ್ಳಲಿ ಮಾವ. ಇಲ್ಲಾಂದ್ರೆ ಕೊಟ್ಟುಬಿಡೋಣ. ಅಮ್ಮಂಗೆ ವಯಸ್ಸಾಯ್ತು."

"ವಯಸ್ಸಾಗಿರೋದು ನಿನ್ನ ಬುದ್ಧಿಗೆ," ಅಂದ ಮೇಸ್ತ್ರಿ. "ಕ್ಲಚ್ ನಾನು ಹಾಕ್ತೀನಿ. ಆಮೇಲೆ ನೋಡು."

ಅಕ್ಕನ ಮನೆಯಂಗಳದಲ್ಲೇ ಗೇರ್‌ಬಾಕ್ಸ್ ಇಳಿಸಿ, ಹಳೆಯ ಪ್ಲೇಟು ಹೊರಗೆ ತೆಗೆದು ಅದರ ಮೇಲೆ ಕೈ ಚಾಚಿದ. ಗೇಣು ಎರಡು ಬೆರಳು. ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಹನ್ನೊಂದರದು ಕಳಿಸಲು ಹೇಳಿದ. ಬಂದ ಪ್ಲೇಟು ಹಳೆಯದಕ್ಕಿಂತ ದೊಡ್ಡದಾಗಿ ಕಂಡಿತು. ಹಳೆಯದರ ಅಂಚು ಉದುರಿಹೋಗಿರಬೇಕು ಅಂದುಕೊಂಡ. ಆ ಕಾರಿನಲ್ಲಿ ಎರಡೂ ಅಳತೆಗೆ ಬೋಲ್ಟಿನ ತೂತುಗಳಿದ್ದವು, ಹಳೆಯ ಕ್ಲಚ್ಚು ಚಿಕ್ಕದರ ತೂತುಗಳಲ್ಲಿ ಕೂತಿತ್ತು. ಅದಕ್ಕೂ ಅವನಲ್ಲಿ ಉತ್ತರವಿತ್ತು.

"ಯಾವನೋ ಕತ್ತೆ ಚಿಕ್ಕದು ಹಾಕಿ ಹೋಗಿದಾನೆ ಅಕ್ಕ. ಅದಕ್ಕೇ ಜಾರಿದ್ದು," ಎಂದು ಬೈಯುತ್ತಲೇ ಬೋಲ್ಟು ಬಿಗಿದ. ತನ್ನ ಕಣ್ಣಿಗಿಂತ ಕೈಯನ್ನು ಹೆಚ್ಚು ನಂಬಿದ ಮನುಷ್ಯ.

ಶನಿವಾರ ಬೆಳಿಗ್ಗೆ ಅಕ್ಕ ಸೀಟಿನಲ್ಲಿ ಕೂತು ಕ್ಲಚ್ ಒತ್ತಿದಳು. ಪೆಡಲು ಅರ್ಧಕ್ಕೆ ನಿಂತಿತು. ಸ್ಟೇರಿಂಗ್ ಹಿಡಿದು, ಬೆನ್ನನ್ನು ಸೀಟಿಗೆ ಒತ್ತಿ ಮತ್ತೆ ತುಳಿದಳು. ಸೀಟು ಹಿಂದಕ್ಕೆ ಬಾಗಿತು, ಪೆಡಲು ಮಾತ್ರ ಕೆಳಗಿಳಿಯಲಿಲ್ಲ. ಮಗ ಕಾಂಪೌಂಡಿಗೆ ಒರಗಿ ನಿಂತು ನೋಡುತ್ತಿದ್ದ.

"ಒತ್ತು ಅಕ್ಕ."

"ಒತ್ತುತ್ತಾನೇ ಇದೀನಲ್ಲೋ."

ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ಆ ಹುಡುಗನ ಎದುರು ತನ್ನ ಕೆಲಸ ಸೋಲುವುದೆಂದರೇನು? "ಕ್ಲಚ್ ಸರಿಯಾಗಿದೆ. ನಿನ್ನ ಕಾಲಲ್ಲೇ ಕಸುವಿಲ್ಲ," ಅಂದುಬಿಟ್ಟ, ಇಡೀ ಬೀದಿಗೆ ಕೇಳುವಂತೆ.

ಮಗ ಫೋನ್ ತೆಗೆದ. ಕೊಳ್ಳುವವನಿಗೆ ಬರಲು ಹೇಳುತ್ತಿದ್ದಾನೆಂದು ಅಕ್ಕನಿಗೂ ತಮ್ಮನಿಗೂ ಗೊತ್ತಿತ್ತು. ಅಕ್ಕ ಕೆಳಗಿಳಿದು ಸೀರೆ ಕೊಡವಿಕೊಂಡಳು. ಅವಳ ಮುಖ ಕೆಂಪಾಗಿತ್ತು, ದನಿ ಮಾತ್ರ ತಣ್ಣಗಿತ್ತು.

"ಚಿಕ್ಕದು ಹಾಕಿದ್ದ ಕತ್ತೆ ಅಂದ್ಯಲ್ಲ, ಯಾರದು ಗೊತ್ತಾ?"

"ನಂಗೇನು ಗೊತ್ತು."

"ನೀನೇ ಕಣೋ. ಇವನಿನ್ನೂ ಸ್ಕೂಲಿಗೆ ಹೋಗ್ತಿದ್ದ. ಅವತ್ತಿಂದ ಮೊನ್ನೆ ಮೊನ್ನೆವರೆಗೂ ಚೆನ್ನಾಗೇ ಓಡಿದೆ."

ಮೇಸ್ತ್ರಿ ಹಳೆಯ ಪ್ಲೇಟನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಅಂಗಡಿಗೆ ನುಗ್ಗಿದ. ತಪ್ಪು ತನ್ನದಾಗಿರಲು ಸಾಧ್ಯವೇ ಇಲ್ಲವಾದ್ದರಿಂದ ಅಂಗಡಿಯವಳದೇ ಆಗಿರಬೇಕಿತ್ತು. "ಅವತ್ತು ಹನ್ನೊಂದು ಕೇಳಿದ್ರೆ ಹತ್ತು ಕೊಟ್ಟು ಯಾಮಾರಿಸಿದೀಯ," ಎಂದು ಬಾಯಿಗೆ ಬಂದಂತೆ ಕೂಗಾಡಿದ.

ಅಂಗಡಿಯವಳು ಕನ್ನಡಕ ಏರಿಸಿಕೊಂಡು, ಪ್ಲೇಟಿನ ಮೇಲೆ ಉಕ್ಕಿನ ಸ್ಕೇಲು ಇಟ್ಟಳು. "ಹತ್ತೇ ಇದೆ ಮೇಸ್ತ್ರಿ. ಈ ಗಾಡಿಗೆ ಹತ್ತೇ ಸರಿ. ಹನ್ನೊಂದರದು ಭಾರ ಎಳೆಯೋ ಗಾಡಿಗೆ. ಅದರ ಸ್ಪ್ರಿಂಗು ಎಷ್ಟು ಗಟ್ಟಿ, ಪೆಡಲು ಎಷ್ಟು ಬಿಗಿ ಅಂತ ನಿಮಗೆ ನಾನು ಹೇಳಬೇಕಾ?"

"ಗೇಣು ಎರಡು ಬೆರಳು ಬರುತ್ತೆ. ನೋಡು." ಅವನು ಸ್ಕೇಲಿನ ಮೇಲೇ ಕೈ ಚಾಚಿದ.

ಕಿರುಬೆರಳು ಎಂಟಕ್ಕೆ ನಿಂತಿತು. ಹಲ್ಲು ಕಚ್ಚಿ ಎಳೆದ. ಹೆಬ್ಬೆರಳಿನ ಬುಡದ ಗಂಟು ಊದಿತ್ತು, ನೋವು ಮೊಣಕೈವರೆಗೆ ಹರಿಯಿತು, ಬೆರಳು ಎಂಟನ್ನು ದಾಟಲಿಲ್ಲ. ಒಂದೆರಡು ವರ್ಷದಿಂದ ಆ ಗಂಟು ನೋಯುತ್ತಿತ್ತು. ಚಳಿಗೆ ಅಂದುಕೊಂಡು ಬೈದು ಸುಮ್ಮನಾಗಿದ್ದ. ಈಗ ಬೈಯಲು ಸುತ್ತ ನೋಡಿದರೆ ಯಾರೂ ಸಿಗಲಿಲ್ಲ. ಸಿಟ್ಟು ಇಳಿಯಲೂ ಇಲ್ಲ, ಹೋಗಲು ಅದಕ್ಕೆ ಬೇರೆ ಜಾಗವೂ ಇರಲಿಲ್ಲ.

"ಹತ್ತರದು ಕೊಡು," ಅಂದ. ಬಾಗಿಲವರೆಗೆ ಹೋಗಿ ವಾಪಸು ಬಂದ. "ಆ ಸ್ಕೇಲೂ ಕೊಡು."

ಭಾನುವಾರ ಹತ್ತು ಗಂಟೆಗೆ ಕೊಳ್ಳುವವನು ಬಂದ. ಅವನೂ ಮೇಸ್ತ್ರಿಯ ಹಳೆಯ ಗಿರಾಕಿಯೇ, ಆ ಗೇಣನ್ನು ಊರೆಲ್ಲ ಹೊಗಳಿಕೊಂಡು ತಿರುಗಿದವನು. ಅಷ್ಟರಲ್ಲಿ ಹತ್ತರ ಕ್ಲಚ್ ಹಾಕಿಸಿಕೊಂಡ ಹಸಿರು ಕಾರು ಗೇಟಿಗೆ ಮುಖ ಮಾಡಿ ನಿಂತಿತ್ತು. ಅಕ್ಕ ಒಳಗೆ ಕೂತಿದ್ದಳು. ಮೇಸ್ತ್ರಿ ಕಿಟಕಿಗೆ ಬಗ್ಗಿ, ಬೇರೆ ಯಾರಿಗೂ ಕೇಳದಂತೆ ಹೇಳಿದ. "ನಿನ್ನ ಕಾಲಲ್ಲ ಅಕ್ಕ. ನನ್ನ ಕೈ."

ಅಕ್ಕ ತಿರುಗಿಯೂ ನೋಡಲಿಲ್ಲ. "ನಿನ್ನೆ ಎಷ್ಟು ಜೋರಾಗಿ ಹೇಳಿದ್ಯೋ, ಇದನ್ನೂ ಅಷ್ಟೇ ಜೋರಾಗಿ ಹೇಳು."

ಅವನು ನೆಟ್ಟಗೆ ನಿಂತ. ಅಳಿಯನನ್ನೂ ಗಿರಾಕಿಯನ್ನೂ ನೋಡಿದ. ದನಿ ಬೀದಿಯ ತುದಿವರೆಗೆ ಹೋಯಿತು.

"ಅಕ್ಕನ ಕಾಲು ನೆಟ್ಟಗಿದೆ. ನನ್ನ ಗೇಣೇ ಒಂದಿಂಚು ಗಿಡ್ಡ ಆಗಿದೆ. ತಪ್ಪು ಕ್ಲಚ್ ಹಾಕಿದ್ದು ನಾನು."

ಯಾರೂ ನಗಲಿಲ್ಲ. ಗಿರಾಕಿ ಅವನ ಕೈಯನ್ನೇ ನೋಡುತ್ತ ನಿಂತ. ಅಕ್ಕ ಎಡಗಾಲು ಒತ್ತಿದಳು, ಪೆಡಲು ತಳದವರೆಗೆ ಇಳಿಯಿತು. ಗೇರು ಹಾಕಿ, ಮಗ ಪಕ್ಕಕ್ಕೆ ಸರಿಯುವವರೆಗೆ ಹಾರ್ನ್ ಒತ್ತಿ ಹಿಡಿದು, ಗೇಟು ದಾಟಿ ರಸ್ತೆಗಿಳಿದಳು. ಕ್ಲಚ್ ಹಾಕಿದ ದಿನ ಮೊದಲ ಸುತ್ತಿಗೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಗ್ಯಾರೇಜಿನ ಸಾಲಿನ ವಾಡಿಕೆ. ಅವಳು ಅವನಿಗೆ ಕಾರು ಹತ್ತು ಎನ್ನಲಿಲ್ಲ.