ಅಂಚಣ್ಣ ಅಂಚು ಒಡೆದದ್ದು

ನಗರಸಭೆಯ ತೋಟಗಾರರಲ್ಲಿ ಅವನಷ್ಟು ಚೊಕ್ಕಟದ ಮನುಷ್ಯ ಇನ್ನೊಬ್ಬನಿರಲಿಲ್ಲ. ಯಾವ ಪಾರ್ಕಿಗೇ ಕಳಿಸಿ, ಗಿಡಕ್ಕಿಂತ ಮೊದಲು ಅವನ ಕಣ್ಣು ಬೀಳುತ್ತಿದ್ದದ್ದು ಪಾತಿಯ ಅಂಚಿನ ಮೇಲೆ. ಇಟ್ಟಿಗೆಗಳನ್ನು ಓರೆಯಾಗಿ ಒಂದಕ್ಕೊಂದು ಒರಗಿಸಿ, ಅರ್ಧ ಮಣ್ಣಿನಲ್ಲಿ ಹೂತು, ಮೇಲೆ ಸುಣ್ಣ ಬಳಿದು, ದಾರ ಹಿಡಿದು ನೋಡಿದರೆ ಕೂದಲೆಳೆಯಷ್ಟೂ ಸೊಟ್ಟಗಿರದ ಹಾಗೆ ಕಟ್ಟಿದ ದಿನವೇ ಅವನಿಗೆ ಊಟ ಸೇರುತ್ತಿದ್ದದ್ದು. ಪಾತಿಯ ಮಣ್ಣು ನಡುವೆ ಉಬ್ಬಿರಬೇಕು, ಹೂವು ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣಬೇಕು. "ತೋಟ ಅಂದ್ರೆ ತಲೆ ಎತ್ಕೊಂಡಿರ್ಬೇಕು" ಎನ್ನುತ್ತಿದ್ದ. ಜೊತೆಯವರು ಅವನಿಗೆ ಅಂಚಣ್ಣ ಎಂದು ಹೆಸರಿಟ್ಟರು. ಸಿಟ್ಟು ಬಂದಾಗ ಹೆಂಡತಿಯೂ ಅದೇ ಹೆಸರು ಹಿಡಿದು ಕರೆಯುತ್ತಿದ್ದಳು, ಆ ದಿನ ಅವನು ತನ್ನ ತಟ್ಟೆ ತಾನೇ ತೊಳೆಯುತ್ತಿದ್ದ.

ಅಂಚಣ್ಣನಿಗೆ ಒಬ್ಬಳು ಅಕ್ಕ. ತಾಯಿ ತೀರಿಕೊಂಡಾಗ ಅವನಿಗಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಗುಂಡಿ ಹೊಲಿದವಳೂ ಅಕ್ಕ, ಹಾಕಿದವಳೂ ಅಕ್ಕ. ಆ ಹೊಲಿಗೆಯೇ ಮುಂದೆ ಅವಳ ಕಸುಬಾಯಿತು. ಇಳಿಜಾರು ಬೀದಿಯ ಕೆಳತುದಿಯಲ್ಲಿ ಅವಳ ಮನೆ, ಮುಂದಿನ ಕೋಣೆಯೇ ಅಂಗಡಿ. ಕಾಲಲ್ಲಿ ತುಳಿಯುವ ಹಳೆಯ ಮೆಷಿನ್, ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರೆಹೊಲಿದ ರವಿಕೆಗಳು. ಅವಳ ಮೆಷಿನ್ನಿನ ನಾಲ್ಕೂ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ, ಕೂರುವ ಸ್ಟೂಲಿನ ಕೆಳಗೂ ಇಟ್ಟಿಗೆ. ಯಾಕೆಂದರೆ ಮಳೆ ಬಂತೆಂದರೆ ಬೀದಿಯ ನೀರೆಲ್ಲ ಅಕ್ಕನ ಮನೆಗೇ ಬರುತ್ತಿತ್ತು.

ಮೊದಲೆಲ್ಲ ಹೀಗಿರಲಿಲ್ಲ. ಮನೆ ಮುಂದೆ ಮಣ್ಣಿನ ಅಂಗಳಗಳಿದ್ದವು, ಬಿದ್ದ ನೀರು ಬಿದ್ದಲ್ಲೇ ಇಂಗುತ್ತಿತ್ತು. ಒಬ್ಬರು ಅಂಗಳಕ್ಕೆ ಸಿಮೆಂಟು ಹಾಕಿಸಿದರು, ಅವರನ್ನು ನೋಡಿ ಪಕ್ಕದವರು ಹಾಕಿಸಿದರು, ಕಡೆಗೆ ಇಡೀ ಬೀದಿಯೇ ಕಾಲಿಗೆ ಕೆಸರು ಹತ್ತಬಾರದೆಂದು ನೆಲದ ಬಾಯಿ ಮುಚ್ಚಿಬಿಟ್ಟಿತು. ಚರಂಡಿಯೋ, ಜಿಟಿಜಿಟಿ ಮಳೆಗೇ ಕೈ ಚೆಲ್ಲುತ್ತಿತ್ತು. ಹೋದ ಮಳೆಗಾಲದಲ್ಲಿ ಯಾರದೋ ಮಗಳ ಮದುವೆಯ ಬಟ್ಟೆ ನೀರಲ್ಲಿ ನೆನೆದು ಬಣ್ಣ ಬಿಟ್ಟಿತು. ಆ ಹುಡುಗಿ ಏನೂ ಅನ್ನದೆ ಹೋದಳು. ಅಕ್ಕನಿಗೆ ಅದೇ ತಡೆಯಲಾಗಲಿಲ್ಲ.

"ಈ ಸಲಾನೂ ನೀರು ಒಳಗೆ ಬಂದ್ರೆ ಮೆಷಿನ್ ಮಾರಿಬಿಡ್ತೀನಿ ಕಣೋ" ಎಂದಳು ತಮ್ಮನಿಗೆ. "ಜನ ನಂಬಿ ಕೊಟ್ಟ ಬಟ್ಟೇನ ಹಾಳು ಮಾಡ್ಕೊಂಡು ಬದುಕೋದು ನನಗೆ ಬೇಡ."

ಅಕ್ಕ ಆಡಿದ ಮಾತಿಗೆ ತಪ್ಪುವವಳಲ್ಲ. ಮೆಷಿನ್ನಿಲ್ಲದ ಅಕ್ಕನನ್ನು ನೆನೆಸಿಕೊಂಡು ಅಂಚಣ್ಣನಿಗೆ ಎರಡು ದಿನ ನಿದ್ದೆ ಹತ್ತಲಿಲ್ಲ.

ಆಗಲೇ ಆ ಬೀದಿಗೆ ನಗರಸಭೆಯಿಂದ ಹೊಸ ಎಂಜಿನಿಯರಮ್ಮ ಬಂದಳು. ವಯಸ್ಸು ಚಿಕ್ಕದು, ಹಟ ದೊಡ್ಡದು. ಅಕ್ಕನ ಮನೆಗಿಂತ ಸ್ವಲ್ಪ ಮೇಲೆ ನಗರಸಭೆಯದೇ ಒಂದು ಮೂಲೆ ಸೈಟು ಕಸಕಡ್ಡಿ ತುಂಬಿಕೊಂಡು ಬಿದ್ದಿತ್ತು. ಅಲ್ಲಿ ತೋಟ ಮಾಡೋಣ ಎಂದಳು. ಕೆಲಸ ಅಂಚಣ್ಣನ ಪಾಲಿಗೆ ಬಂತು.

"ಆದ್ರೆ ಈ ತೋಟ ರಸ್ತೆಗಿಂತ ತಗ್ಗಲ್ಲಿರ್ಬೇಕು ಅಣ್ಣ, ಬಟ್ಟಲ ಥರ" ಎಂದಳು. "ಅಂಚಲ್ಲಿ ಅಲ್ಲಲ್ಲಿ ಬಾಯಿ ಬಿಡಿ. ಬೀದಿ ನೀರು ಒಳಗೆ ಬರ್ಲಿ, ನಿಂತ್ಕೊಳ್ಲಿ, ಇಂಗ್ಲಿ. ಮಿಕ್ಕಿದ್ದು ಮಾತ್ರ ಚರಂಡಿಗೆ ಹೋಗ್ಲಿ."

"ತೋಟಕ್ಕೆ ನೀರು ಹಾಕೋದು ಗೊತ್ತು ಮೇಡಂ. ಬೀದಿ ನೀರನ್ನ ಯಾರಾದ್ರೂ ತೋಟದೊಳಗೆ ಬಿಟ್ಕೊತಾರಾ?"

"ತೋಟದೊಳಗೆ ಬಿಡ್ಲಿಲ್ಲ ಅಂದ್ರೆ ಕೆಳಗಿನ ಮನೆಯೊಳಗೆ ಹೋಗುತ್ತೆ."

ಕೆಳಗಿನ ಮನೆ ಯಾರದೆಂದು ಅವಳಿಗೆ ಗೊತ್ತಿರಲಿಲ್ಲ. ಅಂಚಣ್ಣ ತಲೆಯಾಡಿಸಿದ. ತಲೆಯೇನೋ ಒಪ್ಪಿತು, ಕೈ ಒಪ್ಪಬೇಕಲ್ಲ!

ಎಂಜಿನಿಯರಮ್ಮ ನೆಲದ ಮೇಲೆ ಗುರುತು ಹಾಕಿಕೊಟ್ಟು, ಯಾವುದೋ ತರಬೇತಿಗೆಂದು ಬೇರೆ ಊರಿಗೆ ಹೋದಳು. ಅಂಚಣ್ಣ ಆಳುಗಳನ್ನಿಟ್ಟುಕೊಂಡು ಕಸ ತೆಗೆಸಿದ, ತಗ್ಗು ತೋಡಿಸಿದ, ತಳಕ್ಕೆ ಜಲ್ಲಿ, ಅದರ ಮೇಲೆ ಮರಳು ಹಾಕಿಸಿದ. ಅಂಚನ್ನೂ ಕಟ್ಟಿದ, ಹೇಳಿದಲ್ಲೆಲ್ಲ ಬಾಯಿಯನ್ನೂ ಬಿಟ್ಟ. ಆಮೇಲೆ ರಸ್ತೆಯಾಚೆ ನಿಂತು ನೋಡಿದ. ಹಲ್ಲು ಬಿದ್ದ ಬಾಯಿಯ ಹಾಗಿತ್ತು.

"ಏನಣ್ಣ, ಇಟ್ಟಿಗೆ ಸಾಲ್ಲಿಲ್ವಾ?" ಎಂದು ಎದುರಿನ ಸೈಕಲ್ ರಿಪೇರಿಯವನು ಕೇಳಿದ. ಅಷ್ಟು ಸಾಕಾಯಿತು. ಅಂಚಣ್ಣನ ಮಾನಕ್ಕೇ ಕುತ್ತು ಬಂದ ಹಾಗಾಯಿತು. ಸಂದುಗಳಿಗೆಲ್ಲ ಇಟ್ಟಿಗೆ ಕೂರಿಸಿದ. ತಗ್ಗಿಗೆ ಒಳ್ಳೆಯ ಕೆಂಪು ಮಣ್ಣು ತುಂಬಿಸಿ, ನಡುವೆ ಉಬ್ಬಿಸಿ, ಹೂವಿನ ಗಿಡ ನೆಟ್ಟು, ಅಂಚಿಗೆ ಎರಡು ಸಲ ಸುಣ್ಣ ಬಳಿದ. ಮಣ್ಣಿದ್ದ ಕಡೆ ನೀರು ಹೇಗಾದರೂ ಇಂಗುತ್ತದೆ ಬಿಡು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೀದಿಯವರೆಲ್ಲ ಬೆನ್ನು ತಟ್ಟಿದರು. ಅಂಚಣ್ಣ ಉಬ್ಬಿಹೋದ, ಪಾತಿಗಿಂತ ಹೆಚ್ಚಾಗಿಯೇ.

ಮೊದಲ ಮಳೆ ಬಿದ್ದಾಗ ಅವನು ಅಕ್ಕನ ಮನೆಯಲ್ಲೇ ಇದ್ದ. ಮೆಚ್ಚುಗೆ ಮಾತು ಕೇಳಲೆಂದೇ ಬಂದು ಕೂತಿದ್ದನೆಂದರೂ ಸುಳ್ಳಲ್ಲ. ನೀರು ಮೇಲಿನಿಂದ ಇಳಿದು ಬಂತು. ತೋಟದ ಬಿಳಿ ಅಂಚು ಸಿಕ್ಕಿದ್ದೇ ತಡ, ಯಾರೋ ಕಾಲುವೆ ಕಟ್ಟಿಕೊಟ್ಟ ಹಾಗೆ ಅದನ್ನೇ ಹಿಡಿದುಕೊಂಡು, ಎಂದಿಗಿಂತ ನೆಟ್ಟಗೆ, ಎಂದಿಗಿಂತ ಬೇಗ ಓಡಿ ಬಂದು ಹೊಸ್ತಿಲು ದಾಟಿತು. ಅಕ್ಕ ತಮ್ಮ ಇಬ್ಬರೂ ಬಟ್ಟೆ ಗಂಟುಗಳನ್ನು ಮೇಜಿನ ಮೇಲೆ ಒಟ್ಟಿದರು. ನೀರು ಇಟ್ಟಿಗೆ ಮುಳುಗಿಸಿ ಮೆಷಿನ್ನಿನ ಪೆಡಲನ್ನು ಮುಟ್ಟಿತು.

ಸ್ಟೂಲಿನ ಮೇಲೆ ಕಾಲು ಮಡಚಿ ಕೂತ ಅಕ್ಕ ಕೇಳಿದಳು, "ನಿನ್ನ ತೋಟಕ್ಕೇನೂ ಆಗಿಲ್ಲ ತಾನೇ?"

ಚುಚ್ಚಿ ಕೇಳಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ನಿಜವಾಗಿಯೇ ಕಾಳಜಿಯಿಂದ ಕೇಳಿದ್ದಳು. ಅಂಚಣ್ಣ ಎದ್ದ. ಮಳೆಯಲ್ಲೇ ಓಡಿ ಹೋಗಿ ನೋಡಿದ. ತೋಟಕ್ಕೆ ಏನೂ ಆಗಿರಲಿಲ್ಲ. ಬೀದಿಯ ನೀರು ಒಂದು ತೊಟ್ಟೂ ಒಳಗೆ ಹೋಗಿರಲಿಲ್ಲ. ಅಕ್ಕನ ಮನೆಗೆ ನೀರು ನುಗ್ಗಿಸಿದವನು ತಾನೇ ಎಂಬುದು ಆಗ ಅವನಿಗೆ ಸ್ಪಷ್ಟವಾಯಿತು.

ವಾಪಸು ಬಂದಾಗ ಅಕ್ಕ ನೀರು ಎತ್ತಿ ಹಾಕುತ್ತಿದ್ದಳು. "ಮೆಷಿನ್ ಕೊಳ್ಳೋರು ಯಾರಾದ್ರೂ ಇದ್ರೆ ಹೇಳು" ಎಂದಳು.

"ಇನ್ನೊಂದೇ ಒಂದು ಮಳೆ ತಡ್ಕೋ ಅಕ್ಕ."

"ಯಾಕೆ, ಮಳೆ ನಿನ್ನ ಮಾತು ಕೇಳುತ್ತಾ?"

"ಮಳೆ ಕೇಳಲ್ಲ. ತೋಟ ಕೇಳುತ್ತೆ."

ಮರುದಿನ ಬೆಳಿಗ್ಗೆ ಎಂಜಿನಿಯರಮ್ಮನಿಗೆ ಫೋನು ಮಾಡಿ, ಅಂಚಿನ ಬಾಯಿ ಮುಚ್ಚಿದ್ದು ನಾನೇ ಎಂದ.

"ಮಣ್ಣೂ ತುಂಬಿದ್ರಾ?"

"ತುಂಬಿದೆ ಮೇಡಂ. ಉಬ್ಬಿಸಿದ್ದೀನಿ ಕೂಡ."

"ಚೆನ್ನಾಗಿದೆ ನಿಮ್ಮ ಕೆಲಸ! ತೆಗೀರಿ ಈಗ. ನಾನೂ ಬರ್ತೀನಿ."

ಅವನು ಹಾರೆ ಎತ್ತಿದ. ಆಯುಷ್ಯದಲ್ಲಿ ಅಂಚು ಕಟ್ಟಿದ್ದೆಷ್ಟೋ, ಒಡೆದದ್ದು ಇದೇ ಮೊದಲು. ಮೊದಲ ಇಟ್ಟಿಗೆ ಕೀಳಲು ಹೊತ್ತು ಹಿಡಿಯಿತು, ಆಮೇಲೆ ಕೈ ತಡೆಯಲಿಲ್ಲ. ಎಂಜಿನಿಯರಮ್ಮ ಬಂದವಳೇ ಪ್ಯಾಂಟು ಮಡಚಿ ಸಲಿಕೆ ಹಿಡಿದಳು. ಉಬ್ಬು ಹೋಗಿ ಬಟ್ಟಲಾಯಿತು. ಗಿಡದ ವಿಚಾರದಲ್ಲಿ ಇಬ್ಬರೂ ಅರ್ಧ ದಿನ ಜಗಳವಾಡಿದರು. ಅವಳು ಹೇಳಿದ ಗಿಡಗಳು ಬೇಸಿಗೆಗೆ ಒಣಗುತ್ತವೆ ಎಂದು ಇವನು, ಇವನು ಹೇಳಿದವು ನೀರಿಗೆ ಕೊಳೆಯುತ್ತವೆ ಎಂದು ಅವಳು. ಕಡೆಗೆ ಎರಡನ್ನೂ ತಡೆಯುವ ಗಿಡಗಳೇ ಬಂದವು: ಬೇರು ಆಳಕ್ಕಿಳಿಯುವ ಲಾವಂಚ, ಜೊಂಡುಹುಲ್ಲು, ನಡುವೆ ಕೆಂಪು ಹೂವಿನ ಕ್ಯಾನಾ.

"ಏನು ಅಂಚಣ್ಣ, ಮೀನು ಸಾಕ್ತೀಯಾ?" ಎಂದು ಸೈಕಲ್ಲಿನವನು ಕೂಗಿದ.

"ಹೂಂ, ಗಾಳ ತಗೊಂಡು ಬಾ!" ಎಂದ ಅಂಚಣ್ಣ, ತಲೆ ಎತ್ತದೆ.

ಗಿಡಗಳು ಬೇರು ಹಿಡಿಯುವ ಹೊತ್ತಿಗೆ ದೊಡ್ಡ ಮಳೆಯೇ ಬಂತು. ನಡು ಮಧ್ಯಾಹ್ನ, ಬೀದಿಗೆ ಬೀದಿಯೇ ಮಬ್ಬಾಯಿತು. ಅಂಚಣ್ಣ ಕೊಡೆ ಹಿಡಿದು ಮೊದಲ ಸಂದಿನ ಪಕ್ಕ ನಿಂತ. ಗಾಳಿಗೆ ಕೊಡೆ ಮಗುಚಿತು, ಅವನು ಅದನ್ನು ಅತ್ತ ಎಸೆದ. ಕೆಂಪು ನೀರು ಎಲೆ, ಕಾಗದ, ಯಾರದೋ ಒಂಟಿ ಚಪ್ಪಲಿ ಹೊತ್ತುಕೊಂಡು ದಡದಡನೆ ಇಳಿದು ಬಂತು. ಸಂದಿನ ಹತ್ತಿರ ಒಂದು ಕ್ಷಣ ತಡವರಿಸಿತು. ಆಮೇಲೆ ತಿರುಗಿತು. ತಿರುಗಿ ಒಳಗೆ ಹೋಯಿತು!

"ಬಾ, ಬಾ, ಬಾ!" ಎಂದು ಅಂಚಣ್ಣ ಹಟ್ಟಿಗೆ ದನ ಹೊಡೆಯುವವನ ಹಾಗೆ ಕೂಗಿದ. ಎರಡನೆಯ ಸಂದಿನಲ್ಲೂ ತಿರುಗಿತು, ಮೂರನೆಯದರಲ್ಲೂ. ಮನೆಮನೆಯ ಬಾಗಿಲಲ್ಲೂ ಜನ ನಿಂತರು. ಬಟ್ಟಲು ತುಂಬುತ್ತ ಬಂತು, ಜೊಂಡು ಬಾಗಿತು, ಲಾವಂಚದ ತುದಿ ಮಾತ್ರ ಕಂಡಿತು. ಮಳೆ ನಿಲ್ಲಲಿಲ್ಲ. ಇನ್ನೇನು ಉಕ್ಕಿತು ಎನ್ನುವಾಗ, ಎಂಜಿನಿಯರಮ್ಮ ಚರಂಡಿಯ ಕಡೆ ಬಿಡಿಸಿದ್ದ ತೂಬಿನಲ್ಲಿ ಹೆಚ್ಚಾದ ನೀರು ತೆಳ್ಳಗೆ, ಸಾವಧಾನವಾಗಿ ಹೊರಟಿತು. ಅಷ್ಟೇ ಅಷ್ಟು ನೀರನ್ನು ಚರಂಡಿ ಗೊಣಗದೆ ನುಂಗಿತು.

ಅಂಚಣ್ಣ ಇಳಿಜಾರಿನಲ್ಲಿ ಬಿದ್ದಂತೆ ಓಡಿದ. ಅಕ್ಕನ ಬಾಗಿಲು ತೆರೆದೇ ಇತ್ತು. ಒಳಗೆ ಮೆಷಿನ್ ಟಕಟಕನೆ ನಡೆಯುತ್ತಿತ್ತು. ಹೊಸ್ತಿಲ ಮೇಲೆ ಕಾಲಿಟ್ಟನೋ ಇಲ್ಲವೋ, ಅಕ್ಕ ಬಟ್ಟೆಯಿಂದ ಕಣ್ಣು ತೆಗೆಯದೆಯೇ ಗದರಿದಳು:

"ಒದ್ದೆ ಕಾಲಲ್ಲಿ ಒಳಗೆ ಬರ್ಬೇಡ! ನೆಲ ಒಣಗಿದೆ."

ಅಂಚಣ್ಣ ಹೊಸ್ತಿಲ ಮೇಲೇ ಕುಸಿದು ಕೂತು ನಗತೊಡಗಿದ. ಅಕ್ಕನೂ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಬಂದು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ, ಟವೆಲು ತಂದು ಅವನ ತಲೆ ಒರೆಸಿದಳು.

ನೀರು ನಿಂತರೆ ಸೊಳ್ಳೆ ಆಗುತ್ತದೆ ಎಂದು ಹೆದರಿಸಿದ್ದ ಬೀದಿಯವರು ಒಂದು ದಿನ ಬಿಟ್ಟು ನೋಡಲು ಬಂದರು. ತೋಟದಲ್ಲಿ ನೀರೇ ಇರಲಿಲ್ಲ, ಒದ್ದೆ ಮಣ್ಣಿನ ವಾಸನೆ ಮಾತ್ರ ಇತ್ತು. ಪಕ್ಕದ ಬೀದಿಯವರು ನಮಗೂ ಒಂದು ಗುಂಡಿ ಬೇಕೆಂದು ಎಂಜಿನಿಯರಮ್ಮನ ಬೆನ್ನು ಹತ್ತಿದರು. "ಗುಂಡಿ ಅಲ್ಲ, ತೋಟ" ಎಂದು ತಿದ್ದಿದವನು ಸೈಕಲ್ ರಿಪೇರಿಯವನು.

ಆ ವಾರ ಅಕ್ಕ ತಮ್ಮನನ್ನು ಕರೆಸಿ ಮೆಷಿನ್ ಎತ್ತಿಸಿದಳು. ವರ್ಷಾನುಗಟ್ಟಲೆ ಅದರಡಿ ಪಾಚಿ ಹಿಡಿದು ಕೂತಿದ್ದ ಇಟ್ಟಿಗೆಗಳನ್ನೆಲ್ಲ ಹೊರಗೆ ತೆಗೆದಳು. "ತಗೊಂಡು ಹೋಗು. ನನಗಿನ್ನು ಬೇಡ" ಎಂದಳು.

ಅಂಚಣ್ಣ ಅವನ್ನು ಹೊತ್ತುಕೊಂಡು ತೋಟಕ್ಕೆ ಬಂದ. ನೀರು ಧುಮುಕಿ ಮಣ್ಣು ಕೊರೆದಿದ್ದ ಮೊದಲ ಸಂದಿನ ಒಳಗೆ, ಇಟ್ಟಿಗೆಗಳನ್ನು ನಿಲ್ಲಿಸದೆ, ಅಂಗಾತ ಹಾಸಿದ. ನೀರು ಇನ್ನು ಅದರ ಮೇಲೆ ಬಿದ್ದು ಮೆತ್ತಗೆ ಒಳಗೆ ಹೋಗುತ್ತದೆ. ಎದ್ದು ನಿಂತು ನೋಡಿದ. ಸಾಲು ಸ್ವಲ್ಪ ಸೊಟ್ಟಗಿತ್ತು. ಜೇಬಿಗೆ ಕೈ ಹಾಕಿ ದಾರ ತೆಗೆದ. ಅಷ್ಟರಲ್ಲಿ ಕೆಳಗಿನ ಮನೆಯಿಂದ, ನೆಲದ ಮೇಲೆ ನಿಂತ ಮೆಷಿನ್ನಿನ ಸದ್ದು ಶುರುವಾಯಿತು. ಅವನು ದಾರವನ್ನು ಸುತ್ತಿ ಮತ್ತೆ ಜೇಬಿಗಿಟ್ಟುಕೊಂಡ.