ಒಬ್ಬರು ಮೇಲೆ, ಒಬ್ಬರು ಕೆಳಗೆ

ಗುರುಶಾಂತಪ್ಪ ಯಾರ ಬಾಗಿಲಿಗೂ ಹೋಗಿ ಏನನ್ನೂ ಕೇಳುವವನಲ್ಲ. ನಾಗಪುರದ ಕಾಮಠಿ ರಸ್ತೆಯ ನಮ್ಮ ಸಾಲುಮನೆಗಳಲ್ಲಿ ಕನ್ನಡ ಬಲ್ಲವರು ಈಗ ಅವನೂ ನಾನೂ ಇಬ್ಬರೇ. ಆದರೂ ವಾರಕ್ಕೆ ನಾಲ್ಕು ಮಾತಾದರೆ ಹೆಚ್ಚು. ಅಂಥವನು ಒಂದು ಶನಿವಾರ ಬೆಳಿಗ್ಗೆ ಎಣ್ಣೆಯ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬಂದು ನಿಂತ.

"ಅಕ್ಕಾರ, ಮುಖಕ್ಕ ಹಚ್ಚೋ ಪೌಡರ್ ಐತೇನ್ರಿ?"

"ಐತಿ. ಐವತ್ತೆಂಟಕ್ಕ ಕನ್ಯಾ ನೋಡಾಕ ಹೊಂಟೀ ಏನು?"

"ನನಗಲ್ರಿ, ಗಾಡಿಗೆ."

"ಹಂಗಾರ ಗಾಡೀದರ ಲಗ್ನಾ ಆಗಲಿ."

ಅವನು ನಗಲಿಲ್ಲ. "ಸೋಮವಾರ ಪಾಸಿಂಗ್ ಐತ್ರಿ. ಸ್ಟೀರಿಂಗ್ ಎಣ್ಣಿ ಎಲ್ಲಿಂದ ಸೋರತೈತಿ, ತಿಳೀವಲ್ದು" ಎಂದ.

ಪಾಸಿಂಗ್ ಎಂದರೆ ವರ್ಷಕ್ಕೊಮ್ಮೆ ಸರ್ಕಾರದವರು ಗಾಡಿ ನೋಡಿ, ರಸ್ತೆಗೆ ಬರಬಹುದು ಎಂದು ಕಾಗದ ಕೊಡುವುದು. ಹಿಂದಿನ ವಾರ ಹೋದಾಗ ಸಾಹೇಬರು ಸೋರಿಕೆ ಕಂಡು ಅವನನ್ನು ಹಿಂದಕ್ಕೆ ಕಳಿಸಿದ್ದರು. ಈ ಸಲವೂ ಸೋರಿದರೆ ಹತ್ತೊಂಬತ್ತು ವರ್ಷದ ಆ ಪಿಕಪ್ಪು ಗುಜರಿಗೇ ಸೈ. ಗಾಡಿ ಹೋದಮೇಲೆ ಅವನಿಗೆ ನಾಗಪುರದಲ್ಲಿ ಏನು ಕೆಲಸ? ಗದಗಿನಲ್ಲಿರುವ ಅಕ್ಕ ತನ್ನ ಮನೆಗೆ ಬಾ ಎಂದು ಕರೆಯುತ್ತಿದ್ದಳು. ಮದುವೆಯಾಗದ ಗಂಡಸು, ಅಕ್ಕನ ಸೊಸೆಯಂದಿರ ಕೈಯ ಊಟಕ್ಕೆ ತಟ್ಟೆ ಹಿಡಿದು ಕೂರಬೇಕು. ಅವನು ಪೌಡರಿನ ಡಬ್ಬಿ ಇಸಿದುಕೊಂಡು ಹೋದ.

ಆ ಗಾಡಿಯನ್ನು ಮೊದಲು ಅಣ್ಣತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದರು. ಇವನ ತಮ್ಮ ಬಸವಪ್ರಸಾದ. ಕಾಮಠಿಯ ಮಗ್ಗಗಳಿಂದ ಸೀರೆಯ ಗಂಟು ಹೇರಿಕೊಂಡು ಗಾಂಧಿಬಾಗಿನ ಅಂಗಡಿಗಳಿಗೆ ಹಾಕುವುದು ಅವರ ದಿನದ ಕೆಲಸ. ಗಾಡಿ ಕೆಟ್ಟರೆ ಇಲ್ಲೇ ಬೇವಿನ ಮರದ ಕೆಳಗೆ ರಿಪೇರಿ. ಬಸು ಸೀಟಿನ ಮೇಲೆ, ಇವನು ಗಾಡಿಯ ಕೆಳಗೆ. ನಾಲ್ಕು ವರ್ಷದ ಹಿಂದೆ ಬಸು ಹೊಸ ಗಾಡಿ ಕೊಳ್ಳೋಣ ಎಂದ. ಇವನು ಒಲ್ಲೆ ಎಂದ. ಮಾತಿಗೆ ಮಾತು ಬೆಳೆದು, "ನೀನೂ ನಿನ್ನ ಗಾಡಿನೂ ಕೂಡೇ ತುಕ್ಕ ಹಿಡೀರಿ" ಎಂದು ಹೇಳಿ ಬಸು ಹೆಂಡತಿಯನ್ನು ಕರೆದುಕೊಂಡು ಉಮರೇಡಿಗೆ ಹೋದ. ಅಲ್ಲಿ ಕಲ್ಲಿದ್ದಲಿನ ಲಾರಿ ಓಡಿಸುತ್ತಾನಂತೆ. ಒಂದು ತಾಸಿನ ದಾರಿ. ಅಂದಿನಿಂದ ಇವನು ಅಲ್ಲಿಗೆ ಹೋಗಿಲ್ಲ, ಅವನು ಇಲ್ಲಿಗೆ ಬಂದಿಲ್ಲ.

ನಾನು ಮೆಟ್ಟಿಲ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದೆ. ಕಣ್ಣು ಮೊರದ ಮೇಲಿದ್ದರೂ ಕಿವಿ ಬೇವಿನ ಮರದ ಕಡೆ. ಇಂಜಿನ್ನು ಶುರುವಾಯಿತು. ಸ್ಟೀರಿಂಗು ಕೊನೆಯವರೆಗೆ ತಿರುಗಿದಾಗ ಹಾಲು ಬಿಡಿಸಿದ ಕರುವಿನಂತೆ ಒಂದು ನರಳಾಟ. ಆಮೇಲೆ ಬಾಗಿಲು ತೆರೆದ ಸದ್ದು, ಚಪ್ಪಲಿಯ ಸದ್ದು, ಗೋಣಿಚೀಲದ ಮೇಲೆ ಮೈ ಜಾರಿದ ಸದ್ದು. ಮತ್ತೆ ಚಪ್ಪಲಿ, ಮತ್ತೆ ಬಾಗಿಲು. ಹೀಗೆ ಒಂಬತ್ತು ಸಲ.

ಆ ಎಣ್ಣೆ ಸೋರುವುದು ಸ್ಟೀರಿಂಗನ್ನು ಪೂರ್ತಿ ತಿರುವಿ ಹಿಡಿದಾಗ ಮಾತ್ರ. ಹಿಡಿದವನು ಇಳಿದು ಕೆಳಗೆ ನುಸುಳುವುದರೊಳಗೆ ಅದು ಹರಿದು ಎಲ್ಲ ಕಡೆ ಒದ್ದೆ ಮಾಡಿಬಿಡುತ್ತದೆ. ಸ್ಟೀರಿಂಗಿಗೆ ಎಣ್ಣೆ ದೂಡುವ ಪಂಪಿನ ತಳ ಯಾವಾಗಲೂ ಒದ್ದೆ ಇರುತ್ತಿದ್ದುದರಿಂದ ಗುರುಶಾಂತಪ್ಪ ಪಂಪಿನ ಸೀಲನ್ನೇ ಎರಡು ಸಲ ಬದಲಿಸಿದ್ದ. ಒದ್ದೆಯಿದ್ದ ಕಡೆಯೇ ತೂತಿರುತ್ತದೆ ಎಂದು ನಂಬಿದ್ದ. ಮೂರನೆಯವರೊಬ್ಬರನ್ನು ಕರೆದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಮೂರನೆಯವರೇನು, ಎರಡನೆಯವರೇ ಸಾಕಿತ್ತು.

ಮೊರ ಇಟ್ಟು ಎದ್ದು ಹೋದೆ.

"ಯಾಕ ಬಂದ್ರಿ ಬಿಸಿಲಾಗ?" ಎಂದ, ಗಾಡಿಯ ಕೆಳಗಿನಿಂದಲೇ.

"ಮ್ಯಾಲ ಒಬ್ಬರು ಕುಂದ್ರಬೇಕಲ್ಲ."

"ನಿಮಗ ಮೊಣಕಾಲು ನೋವು."

"ಮೊಣಕಾಲ್ಲೆ ತಿರುವೂದಲ್ಲಲ್ಲ ಅದು."

ಅವನು ಹೊರಗೆ ಬಂದು, ಕಿತ್ತಳೆಯ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕಾಲಿಡಿಸಿ ನನ್ನನ್ನು ಸೀಟಿಗೆ ಹತ್ತಿಸಿದ. ಗಾಲಿಗಳಿಗೆ ಕಲ್ಲು ಕೊಟ್ಟಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿದ.

"ಬಲಕ್ಕ ಪೂರಾ ತಿರುವ್ರಿ. ಬಿಡು ಅಂದಕೂಡ್ಲೇ ಬಿಡಬೇಕು. ಹಿಡದ ಕುಂತ್ರ ಪಂಪ್ ಸುಡತೈತಿ."

"ರೊಟ್ಟಿ ಸುಡದಂಗ ನೋಡಿಕೊಂಡಾಕಿ ನಾನು. ನೀ ನಡಿ."

ಕೆಳಗಿನ ಕಬ್ಬಿಣವನ್ನೆಲ್ಲ ಸೀಮೆಎಣ್ಣೆಯಿಂದ ಒರೆಸಿ, ಒಣಗಿಸಿ, ಎಣ್ಣೆ ಹರಿದ ಜಾಡು ಕಾಣಲೆಂದು ನನ್ನ ಪೌಡರನ್ನು ದಟ್ಟವಾಗಿ ಉದುರಿಸಿದ್ದ. ಇಂಜಿನ್ನು ಗುರುಗುಟ್ಟುತ್ತಿತ್ತು. ಅಷ್ಟು ದೊಡ್ಡ ಗಾಡಿಯ ಸ್ಟೀರಿಂಗು ಇಷ್ಟು ಹಗುರ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಹೋಗಿ ತಡೆಯಿತು. ಹಿಡಿದೆ. ಪಂಪು ನರಳಿತು.

"ಇನ್ನಷ್ಟು ಹಿಡಿ... ಹಿಡಿ... ಕಂಡ್ತು. ಬಸೂ, ಬಿಡೋ."

ನಾನು ಬಿಟ್ಟೆ.

ಬಾಗಿ ನೋಡಿದರೆ ಗಾಡಿಯಿಂದ ಹೊರಗೆ ಚಾಚಿದ ಅವನ ಎರಡು ಪಾದಗಳು ಮಾತ್ರ ಕಂಡವು, ಅಲುಗಾಡದೆ. ಕೆಲವು ಹೊತ್ತಿನಲ್ಲಿ ಕೇಳದಿರುವುದೇ ಉಪಕಾರ. ಒಂದು ಬಸ್ಸು ರಸ್ತೆಯಲ್ಲಿ ಹಾದುಹೋಯಿತು, ಇನ್ನೊಂದು ಹೋಯಿತು. ಆಮೇಲೆ, "ಚಾವಿ ತಿರುವಿ ಬಂದ್ ಮಾಡ್ರಿ ಅಕ್ಕಾರ" ಎಂದ.

ಇಳಿದು ನೋಡಿದೆ. ಬಿಳಿ ಪೌಡರಿನಲ್ಲಿ ಇರುವೆಯ ಸಾಲಿನಂಥ ಕಪ್ಪು ಗೆರೆ. ಮೇಲೆ, ರಬ್ಬರು ಪೈಪು ಕಬ್ಬಿಣಕ್ಕೆ ಸೇರುವ ಕಡೆಯಿಂದ ಹೊರಟು ಪಂಪಿನ ಬೆನ್ನಿಗೆ ಇಳಿದಿತ್ತು.

"ಸುಳ್ಳೇ ಪಂಪಿಗೆ ಬೈದೆ ನೋಡ್ರಿ, ಎರಡು ವರ್ಷ" ಎಂದ. ಮುಖ ಒರೆಸಿಕೊಂಡ. ಮುಖಕ್ಕೂ ಪೌಡರು ಹತ್ತಿತ್ತು. ಈಗ ತಮಾಷೆ ಮಾಡುವ ಮನಸ್ಸು ನನಗೇ ಬರಲಿಲ್ಲ.

ಭಾನುವಾರ ಹೊಸ ಪೈಪು ತಂದು ಕೂಡಿಸಿದ. ಹೊಸ ಎಣ್ಣೆ ಹಾಕಿದಮೇಲೆ ಒಳಗಿನ ಗಾಳಿ ಹೋಗಲು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಹತ್ತಾರು ಸಲ ತಿರುವಬೇಕಂತೆ. ಈ ಸಲ ಅವನೇ ಬಂದು ಕರೆದ. ಅವನು ಎಣ್ಣೆಯ ಡಬ್ಬಿಯಲ್ಲಿ ಗುಳ್ಳೆ ನೋಡುತ್ತ ನಿಂತ, ನಾನು ತಿರುವಿದೆ.

"ಬಸು ಕುಂತಾಗ ಏನೇನ ಮಾತಾಡತಿದ್ರಿ ಇಬ್ಬರೂ?"

"ಏನಿಲ್ರಿ. ತಿರುವು, ಬಿಡು. ಅಷ್ಟ."

"ಬರೇ ಅಷ್ಟ?"

"ಅಷ್ಟ ಸಾಕಾಗಿತ್ರಿ" ಎಂದ.

ಸೋಮವಾರ ಮಧ್ಯಾಹ್ನ ಗಾಡಿ ಪಾಸಾಯಿತು. ಕಾಗದ ತೋರಿಸಲು ಬಂದವನು ಹೊಸ್ತಿಲ ಹೊರಗೇ ನಿಂತ.

"ಇವತ್ತ ಸಾಹೇಬರು ಬಗ್ಗಿ ಕೆಳಗ ನೋಡತಿದ್ರು, ನಾ ಸೀಟಿನ ಮ್ಯಾಲ. ತಿರುವು ಅಂದ್ರು, ತಿರುವಿದೆ. ಬಿಡು ಅಂದ್ರು, ಬಿಟ್ಟೆ" ಎಂದ. ಅದರಲ್ಲಿ ಹೇಳುವಂಥದ್ದು ಏನಿತ್ತೋ, ಮತ್ತೊಂದು ಸಲ ಅದನ್ನೇ ಹೇಳಿದ.

"ಬಸೂಗ ಒಂದ ಫೋನ್ ಹಚ್ಚು" ಎಂದೆ.

ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಫೋನೂ ಇತ್ತು. ಅದರ ಮೇಲೆ ಒಮ್ಮೆ ಕೈಯಿಟ್ಟ.

"ಒಂದ ವರ್ಷ ಸಿಕ್ಕೈತಲ್ರಿ ಅಕ್ಕಾರ. ನೋಡೋಣು."

ಚಹಾ ಕುಡಿದು ಹೋಗು ಎಂದೆ. ಗಾಂಧಿಬಾಗಿನಲ್ಲಿ ಅಂಗಡಿಯವರು ಕಾಯುತ್ತಾರೆ ಎಂದು ಹೊರಟ.