ವೇಳೆ ಇರುವ ಡಾಕ್ಟರುಗಳು

ಗಂಡನಿಗೆ ಚೆನ್ನೈಗೆ ವರ್ಗವಾದಾಗ, ರಾತ್ರಿ ಬಸ್ಸಿನಲ್ಲಿ ಮಲಗಿ ಎದ್ದರೆ ಸಿಗುವ ಊರು, ಇದರಲ್ಲೇನು ಮಹಾ ಎಂದುಕೊಂಡಿದ್ದೆ. ಬಂದ ಮೇಲೆ ಗೊತ್ತಾಯಿತು, ನನ್ನ ಕಸುಬಿನ ಮಟ್ಟಿಗೆ ಅದು ಪರದೇಶವೇ. ನಾನು ಫಿಸಿಯೋಥೆರಪಿಸ್ಟ್. ಮೂಳೆ ಡಾಕ್ಟರು ‘ಅವರ ಹತ್ರ ಹೋಗಿ’ ಎಂದು ಕಳಿಸದಿದ್ದರೆ ನಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ. ಮೈಸೂರಿನಲ್ಲಿ ಹಾಗೆ ಕಳಿಸುವವರು ಬೇಕಾದಷ್ಟಿದ್ದರು. ಇಲ್ಲಿ ಅಣ್ಣಾ ನಗರ್‌ನ ಫ್ಲ್ಯಾಟಿನ ಸಣ್ಣ ರೂಮಿನಲ್ಲಿ ಚಿಕಿತ್ಸೆಯ ಮಂಚ ಹಾಕಿಕೊಂಡು, ಅದರ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದೆ.

"ಪೊಂಗಲ್ ತನಕ ನೋಡೋಣ," ಎಂದರು ಗಂಡ. "ಯಾರೂ ಬರ್ಲಿಲ್ಲ ಅಂದ್ರೆ ಮಂಚ ಮಾರ್ಬಿಡು. ಮಗಳಿಗೊಂದು ರೂಮಾಗತ್ತೆ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಮಂಚ ಹೋದರೆ ನಾನು ಅಡುಗೆಮನೆಗೂ ಬಾಲ್ಕನಿಗೂ ಓಡಾಡಿಕೊಂಡಿರುವ ಹೆಂಗಸು, ಅಷ್ಟೇ.

ಪರಿಚಯವಾದವರೆಲ್ಲ ಕನ್ನಡದವರೇ. ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆದು ಅರಿಶಿನ ಕುಂಕುಮ ಕೊಟ್ಟರು, ಡಬ್ಬಿಯಲ್ಲಿ ಹುಳಿಪುಡಿ ಕೊಟ್ಟರು. ಡಾಕ್ಟರ ಪರಿಚಯ ಮಾತ್ರ ಯಾರಿಗೂ ಇರಲಿಲ್ಲ; ಅವರೂ ನನ್ನ ಹಾಗೆ ಹೊಸಬರು. ಎಲ್ಲಿ ಹೋದರೂ ಅದೇ ನಾಲ್ಕು ಮನೆ, ಅದೇ ಮಾತು. ಅವರ ಪ್ರೀತಿಯಲ್ಲೂ ನನಗೆ ಉಸಿರು ಕಟ್ಟುತ್ತಿತ್ತು.

ಕೊನೆಗೆ ಹತ್ತಿರದ ಕೀಲ್ಪಾಕ್‌ನ ಕ್ಲಿನಿಕ್ಕುಗಳನ್ನು ಒಂದೊಂದಾಗಿ ಸುತ್ತತೊಡಗಿದೆ. ಇಂಗ್ಲಿಷಿನಲ್ಲಿ ಮಾತಾಡಿದರೆ ಹೊರಗಿನವಳಾಗಿಯೇ ಉಳಿಯುತ್ತೇನೆಂದು, ಹಟ ಹಿಡಿದು ನನ್ನ ಅರ್ಧಂಬರ್ಧ ತಮಿಳಿನಲ್ಲೇ ಶುರುಮಾಡುತ್ತಿದ್ದೆ. ಔಷಧ ಕಂಪನಿಯ ರೆಪ್‌ಗಳ ಜೊತೆ ಕಾದು, ಒಳಗೆ ಹೋಗಿ ಕಾರ್ಡು ಇಟ್ಟರೆ ಡಾಕ್ಟರು ತಲೆ ಎತ್ತಿ, "ವೇಲೆ ಇರುಕ್ಕು ಮಾ," ಎನ್ನುತ್ತಿದ್ದರು. ನನಗೆ ಕೇಳಿಸಿದ್ದು ‘ವೇಳೆ’. ನಮ್ಮ ಕಡೆ ರೇಡಿಯೋದವರನ್ನು ಬಿಟ್ಟರೆ ಯಾರು ಆಡುತ್ತಾರೆ ಆ ಪದವನ್ನು? ಎಂಥ ಸಭ್ಯರು, ‘ವೇಳೆ ಇದೆಯಮ್ಮ’ ಎನ್ನುತ್ತಿದ್ದಾರೆ ಎಂದು ಹಿಗ್ಗಿ, ಕುರ್ಚಿ ಎಳೆದುಕೊಂಡು ಕೂತು, ಕುತ್ತಿಗೆ ನೋವಿನಿಂದ ಹಿಮ್ಮಡಿ ನೋವಿನ ತನಕ ನನ್ನ ಅನುಭವವನ್ನೆಲ್ಲ ಹೇಳುತ್ತಿದ್ದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು. ನಾನು ನಿಲ್ಲಿಸುತ್ತಿರಲಿಲ್ಲ.

ವಯಸ್ಸಾದ ಡಾಕ್ಟರಮ್ಮ ಒಬ್ಬರು ಮಾತ್ರ ನಿಜವಾಗಿ ಕೇಳಿಸಿಕೊಂಡರು. ಮಂಡಿ ಆಪರೇಷನ್ ಆದವರನ್ನು ಹೇಗೆ ನಡೆಸುತ್ತೀರಿ ಎಂದು ವಿಚಾರಿಸಿ, ಕಾರ್ಡನ್ನು ಮೇಜಿನ ಗಾಜಿನಡಿ ಇಟ್ಟುಕೊಂಡರು. ಕೆಲವು ದಿನಗಳ ಮೇಲೆ ಅವರೇ ಫೋನು ಮಾಡಿದರು.

"ಇಪ್ಪೊ ಉಂಗಳುಕ್ಕು ವೇಲೆ ಇರುಕ್ಕಾ ಮಾ?" ಈಗ ನಿಮಗೆ ವೇಳೆ ಇದೆಯಾ ಅಂತ.

"ಇರುಕ್ಕು ಡಾಕ್ಟರ್! ನೆರೆಯ ಇರುಕ್ಕು!" ಎಂದೆ. ಬೇಕಾದಷ್ಟಿದೆ!

"ಅಪ್ಪಡಿಯಾ? ರೊಂಬ ಸಂತೋಷಂ," ಎಂದು ಇಟ್ಟುಬಿಟ್ಟರು.

ಮಂಚದ ಮೇಲಿನ ಬಟ್ಟೆಯನ್ನೆಲ್ಲ ಎತ್ತಿ ಬೀರುವಿಗೆ ತುರುಕಿ, ಹೊಸ ಹೊದಿಕೆ ಹಾಸಿದೆ. ಯಾರೂ ಬರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಫೋನು ಜೊತೆಗೆ ಒಯ್ಯುತ್ತಿದ್ದೆ.

ಒಂದು ಸಂಜೆ ಮಗಳು ಹೋಂವರ್ಕ್ ಮಾಡುತ್ತಿದ್ದಳು. ಅವಳು ಇಲ್ಲಿನ ಶಾಲೆ ಸೇರಿದ ಮೇಲೆ ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ನಾನೂ ತಮಿಳಿನಲ್ಲೇ, "ಎನಕ್ಕು ವೇಲೆ ಇರುಕ್ಕು, ವಾ, ಪಾಡಂ ಸೊಲ್ಲಿ ತರೇನ್," ಎಂದೆ. ಬಿಡುವಿದೆ, ಬಾ, ಪಾಠ ಹೇಳಿಕೊಡ್ತೀನಿ ಅಂತ.

ಮಗಳು ಮುಖ ಗಂಟು ಹಾಕಿದಳು. "ವೇಲೆ ಇರುಂದಾ ಎಪ್ಪಡಿ ಮಾ ಸೊಲ್ಲಿ ತರುವೆ? ವೇಲೆನ್ನಾ ಟೈಮ್ ಇಲ್ಲೆ, ವರ್ಕ್!"

ವೇಲೆ ಅಂದರೆ ಟೈಮ್ ಅಲ್ಲ, ಕೆಲಸ. ಅಷ್ಟೂ ಡಾಕ್ಟರುಗಳು, ಕೆಲಸವಿದೆಯಮ್ಮ, ಏಳಿ ಎಂದಿದ್ದರು. ಡಾಕ್ಟರಮ್ಮ, ಕೈತುಂಬ ಕೆಲಸ ಇದೆಯಾ ಎಂದು ಕೇಳಿದ್ದರು. ನಾನು ಬೇಕಾದಷ್ಟಿದೆ ಎಂದು ಕುಣಿದಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ ಅಳು ಬಂತು.

ಮಾರನೆಯ ದಿನವೇ ಕೀಲ್ಪಾಕ್‌ಗೆ ಓಡಿದೆ. ‘ನನಗೆ ಕೆಲಸವೇ ಇಲ್ಲ ಡಾಕ್ಟರ್’ ಎನ್ನುವುದನ್ನು ತಮಿಳಿನಲ್ಲಿ ಮಗಳಿಂದ ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದೆ. ಒಳಗೆ ಹೋದಾಗ ಡಾಕ್ಟರಮ್ಮನ ಎದುರು ವಾಕರ್ ಹಿಡಿದ ಮುದುಕರೊಬ್ಬರೂ ಅವರ ಮಗಳೂ ಕೂತಿದ್ದರು.

"ವಾಂಗೊ ಮಾ! ಪ್ರಾಕ್ಟೀಸ್ ಎಪ್ಪಡಿ ಪೋಗುದು?" ಎಂದು ಡಾಕ್ಟರಮ್ಮ ನಕ್ಕರು. ಆ ಇಬ್ಬರೂ ತಿರುಗಿ ನನ್ನನ್ನು ನೋಡಿದರು.

ಒಬ್ಬ ಪೇಷಂಟೂ ಇಲ್ಲ ಎಂದು ಪೇಷಂಟಿನ ಎದುರಿಗೇ ಹೇಳುವುದು ಹೇಗೆ? ಯಾರೂ ಹೋಗದವಳ ಹತ್ತಿರ ಯಾರು ತಾನೆ ಹೋಗುತ್ತಾರೆ?

"ನಲ್ಲಾ ಪೋಗುದು ಡಾಕ್ಟರ್," ಎಂದುಬಿಟ್ಟೆ. ಚೆನ್ನಾಗಿ ನಡೀತಿದೆ.

ಡಾಕ್ಟರಮ್ಮ ಮುದುಕರ ಮಗಳ ಕಡೆ ತಿರುಗಿದರು. "ನೀಂಗ ಫಿಸಿಯೋ ಕೇಟ್ಟೀಂಗಳೇ, ಇವಂಗ ಅಣ್ಣಾ ನಗರ್‌ಲಯೇ ಇರುಕ್ಕಾಂಗ. ರೊಂಬ ನಲ್ಲವಂಗ. ಆನಾ ಇವಂಗಳುಕ್ಕು ಟೈಮೇ ಇಲ್ಲೆ."

ಫಿಸಿಯೋ ಬೇಕೆಂದಿರಲ್ಲ, ಇವರು ಅಣ್ಣಾ ನಗರ್‌ನಲ್ಲೇ ಇದ್ದಾರೆ, ತುಂಬಾ ಒಳ್ಳೆಯವರು, ಆದರೆ ಇವರಿಗೆ ಬಿಡುವೇ ಇಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕರು ವಾಕರಿನಿಂದ ಕಷ್ಟಪಟ್ಟು ಕೈ ಬಿಡಿಸಿಕೊಂಡು, ನನಗೆ ಗೌರವದಿಂದ ನಮಸ್ಕಾರ ಮಾಡಿದರು.